ಕಾಲಮ್ ಮೇಲೆ ಹೊರಿಸಿದ ತಪ್ಪು

ಕೆಫೀನ್ ಮತ್ತು ಬೆಂಜೋಯಿಕ್ ಆಮ್ಲ ಎರಡೂ ಇದ್ದ ಮಾದರಿ ಅದು. ಕಣ ತುಂಬಿದ ಕೊಳವೆಯ, ಅಂದರೆ ಕಾಲಮ್‌ನ, ಮೂಲಕ ಒತ್ತಡದಲ್ಲಿ ದ್ರವ ಹರಿಸಿ ಮಿಶ್ರಣವನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಅದನ್ನು ಪರೀಕ್ಷಿಸುತ್ತಿದ್ದೆ. ಸಿ18 ಕಾಲಮ್, ಅಸಿಟೇಟ್ ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಮತ್ತು ಮೆಥನಾಲ್ ಮಿಶ್ರಣ, ನಿಮಿಷಕ್ಕೆ 1 ಮಿಲಿಲೀಟರ್ ಹರಿವು. ಕೆಫೀನ್ ಹೊರಬಂದಾಗ ಗ್ರಾಫಿನಲ್ಲಿ ಮೂಡುವ ಏರು, ಅಂದರೆ ಪೀಕ್, ಪ್ರತಿದಿನ ಒಂದೇ ಜಾಗದಲ್ಲಿ ಬರುತ್ತಿತ್ತು. ಬೆಂಜೋಯಿಕ್ ಆಮ್ಲದ್ದು ಮಾತ್ರ ಇಂದು ಇಲ್ಲಿ, ನಾಳೆ ಅಲ್ಲಿ. ಒಂದು ದಿನವಂತೂ ಕೆಫೀನಿನ ಹೆಗಲೇರಿ ಕುಳಿತಿತ್ತು. ಕಾಲಮ್ ಹಳತಾಯಿತೆಂದು ಹೊಸದನ್ನು ಜೋಡಿಸಿದೆ. ಅದೂ ಅದೇ ಆಟವಾಡಿತು.

ಕೆಫೀನ್ ಕದಲುತ್ತಿಲ್ಲ ಎಂಬುದನ್ನು ನಾನು ಮೊದಲೇ ಗಮನಿಸಬೇಕಿತ್ತು. ಪಂಪ್ ಅಥವಾ ಕಾಲಮ್ ಕೆಟ್ಟಿದ್ದರೆ ಎರಡೂ ಸರಿಯುತ್ತಿದ್ದವು. ಸಿ18 ಎಂದರೆ ಸಿಲಿಕಾ ಕಣಗಳ ಮೇಲೆ 18 ಇಂಗಾಲಗಳ ಸರಪಳಿ ಕೂರಿಸಿದ, ಎಣ್ಣೆಯಂಥ ಮೈ. ನೀರಿಗೆ ಒಗ್ಗದ ಅಣು ಅದಕ್ಕೆ ಆತುಕೊಂಡು ನಿಧಾನವಾಗಿ ಬರುತ್ತದೆ. ಪ್ರೋಟಾನ್ ಉಳಿಸಿಕೊಂಡ ಬೆಂಜೋಯಿಕ್ ಆಮ್ಲ ಅಂಥದ್ದು; ಕಳೆದುಕೊಂಡದ್ದು ಋಣ ವಿದ್ಯುದಂಶ ಹೊತ್ತು ನೀರಿನೊಂದಿಗೆ ಬೇಗ ಹೊರಟುಬಿಡುತ್ತದೆ. ಅದರ ಪಿಕೆಎ, ಅಂದರೆ ಎರಡೂ ರೂಪಗಳು ಅರ್ಧರ್ಧ ಇರುವ ಪಿಎಚ್, 4.2. ನನ್ನ ಬಫರಿನ ಪಿಎಚ್ ಕೂಡ ಅದರ ಆಸುಪಾಸಿನಲ್ಲೇ ಇತ್ತು! ಅಲ್ಲಿ ಪಿಎಚ್ 0.2 ಸರಿದರೂ ಸಾಕು, ಎರಡು ರೂಪಗಳ ಪಾಲು ಬದಲಾಗುತ್ತದೆ. ಸಾಲದೆಂಬಂತೆ ನಾನು ಕೆಲವು ದಿನ ಮೆಥನಾಲ್ ಬೆರೆಸುವ ಮುನ್ನ, ಕೆಲವು ದಿನ ಬೆರೆಸಿದ ಮೇಲೆ ಪಿಎಚ್ ಹೊಂದಿಸಿದ್ದೆ. ಅವೆರಡೂ ಒಂದೇ ಅಳತೆಯಲ್ಲ.

ಫಾಸ್ಫೇಟ್ ಬಫರಿಗೆ ಬದಲಾಯಿಸಿ, ಮೆಥನಾಲ್ ಸೇರಿಸುವ ಮೊದಲೇ ಪಿಎಚ್ 2.8ಕ್ಕೆ ತಂದೆ. ಆಮ್ಲದ ಪೀಕ್ ಕೆಫೀನಿಗಿಂತ ಬಹಳ ತಡವಾಗಿ, ದಿನವೂ ಒಂದೇ ಹೊತ್ತಿಗೆ ಬರತೊಡಗಿತು. ಮೂಲೆಗಿಟ್ಟಿದ್ದ ಹಳೆಯ ಕಾಲಮ್‌ನಲ್ಲೂ ಹಾಗೆಯೇ. ಪಿಎಚ್ ಅನ್ನು 2ಕ್ಕಿಂತ ಕೆಳಗಿಳಿಸುವ ಆಸೆ ಬೇಡ; ಸಾಮಾನ್ಯ ಸಿಲಿಕಾ ಕಾಲಮ್‌ಗಳಲ್ಲಿ ಸರಪಳಿಗಳು ಕಳಚಿಕೊಳ್ಳುತ್ತವೆ. 8ರ ಮೇಲೆ ಸಿಲಿಕಾವೇ ಕರಗತೊಡಗುತ್ತದೆ. ಕೆಲಸ ಮುಗಿದ ಮೇಲೆ ನೀರು ಹೆಚ್ಚಿರುವ ಮಿಶ್ರಣದಿಂದ ತೊಳೆದು, ಆಮೇಲೆ ಮೆಥನಾಲ್ ಹರಿಸುತ್ತೇನೆ. ಆ ಮೆಟ್ಟಿಲು ತಪ್ಪಿಸಿದರೆ ಫಾಸ್ಫೇಟ್ ಹರಳುಗಟ್ಟಿ ಒತ್ತಡ ಏರುತ್ತದೆ.

ಅದೇ ಮಾದರಿಯಲ್ಲಿದ್ದ ಸಕ್ಕರೆಗಳ ಮುಂದೆ ಈ ಜಾಣತನವೆಲ್ಲ ನಡೆಯಲಿಲ್ಲ. ನೀರಿಗೆ ಅಷ್ಟು ಆಪ್ತವಾದ ಅವು ಸಿ18 ಮೇಲೆ ನಿಲ್ಲುವುದೇ ಇಲ್ಲ. ದ್ರಾವಕದ ಜೊತೆ ಒಟ್ಟಾಗಿ ಹೊರಬೀಳುತ್ತವೆ. ಅವಕ್ಕೆ ಅಮೈನೊ ಕಾಲಮ್ ಹಾಕಿ, 75 ಪಾಲು ಅಸಿಟೊನೈಟ್ರೈಲ್, 25 ಪಾಲು ನೀರು ಹರಿಸಿದೆ. ಇಲ್ಲಿ ಲೆಕ್ಕ ತಲೆಕೆಳಗು: ನೀರು ಹೆಚ್ಚಿಸಿದಷ್ಟೂ ಸಕ್ಕರೆ ಬೇಗ ಹೊರಬರುತ್ತದೆ. ಮೊದಲು ಫ್ರಕ್ಟೋಸ್, ನಂತರ ಗ್ಲೂಕೋಸ್, ಕೊನೆಗೆ ಸುಕ್ರೋಸ್. ಯುವಿ ಡಿಟೆಕ್ಟರ್‌ಗೆ ಅವು ಸರಿಯಾಗಿ ಕಾಣುವುದಿಲ್ಲವಾದ್ದರಿಂದ ವಕ್ರೀಭವನ ಸೂಚ್ಯಂಕದ ಡಿಟೆಕ್ಟರ್ ಜೋಡಿಸಿದೆ. ಅದಕ್ಕೆ ಉಷ್ಣತೆ ತುಸು ಏರುಪೇರಾದರೂ ಸಾಕು, ಬೇಸ್‌ಲೈನ್, ಅಂದರೆ ಪೀಕ್ ಇಲ್ಲದಾಗಿನ ಸಮರೇಖೆ, ಅಲೆದಾಡುತ್ತದೆ. ಇನ್ನೊಂದು ಪತ್ತೇದಾರಿಕೆ ಅಲ್ಲಿಂದ ಶುರುವಾಯಿತು.