ಸ್ಪಿರಿಟ್ ಹಚ್ಚಿ ಕೆಡಿಸಿದ ಪ್ಲೇಟು

ರಾಯಚೂರಿನಲ್ಲಿ ನನ್ನದು ಮೊದಲು ಕ್ಯಾಸೆಟ್ ಅಂಗಡಿ, ಆಮೇಲೆ ಸಿಡಿ ಅಂಗಡಿ, ಈಗ ಮೊಬೈಲ್ ಅಂಗಡಿ. ಹಿಂದಿನ ಸಣ್ಣ ಕೋಣೆಯಲ್ಲಿ ಮಾತ್ರ ಹಾಡಿನ ಗ್ರಾಮಫೋನ್ ಪ್ಲೇಟುಗಳಿವೆ. ಈಗಿನ ಹುಡುಗರು ವಿನೈಲ್ ಅನ್ನುತ್ತಾರೆ. ನಮ್ಮ ಬಾಯಲ್ಲಿ ಅದು ಯಾವತ್ತೂ ಪ್ಲೇಟೇ.

ಸಿಡಿ ವ್ಯಾಪಾರ ಒಂದೇ ದಿನಕ್ಕೆ ನಿಲ್ಲಲಿಲ್ಲ. ಎಂಪಿ3 ಸಿಡಿ ಬಂದು ಹತ್ತು ಸಿಡಿ ಹಾಡನ್ನು ಒಂದರಲ್ಲೇ ತುಂಬಿತು. ಆಮೇಲೆ ಮೆಮೊರಿ ಕಾರ್ಡಿಗೆ ಹಾಡು ಹಾಕಿಕೊಡುತ್ತಾ ಕೂತೆ. 2016ರಲ್ಲಿ ಜಿಯೋ ಬಂದ ಮೇಲೆ ಅದಕ್ಕೂ ಯಾರೂ ಬರಲಿಲ್ಲ. ಎರಡು ಗೋಣಿಚೀಲ ಸಿಡಿ ಹಾಗೇ ಉಳಿಯಿತು.

ಪ್ಲೇಟು ನನ್ನ ಕೈಗೆ ಬಂದಿದ್ದು ಸುಮ್ನೆ. ಪರಿಚಯದವರೊಬ್ಬರು ಹಳೇ ಮನೆ ಕೆಡವುವಾಗ ಟ್ರಂಕೊಂದನ್ನು ತಂದು, "ಕಾಕಾ, ಗುಜರಿಗೆ ಹಾಕಾಕ ಮನಸ್ಸಿಲ್ಲ, ನೀವೇ ಇಟ್ಕೊಳ್ರಿ" ಎಂದು ಇಳಿಸಿ ಹೋದರು. ಸುಮಾರು ಎಪ್ಪತ್ತು ಪ್ಲೇಟು, ಬೆಲ್ಟ್ ಹರಿದ ಒಂದು ಪ್ಲೇಯರ್. ಅದೇ ಹೊತ್ತಿಗೆ ಪೇಪರಿನಲ್ಲಿ ಒಂದು ಸುದ್ದಿ ಓದಿದೆ. ಅಮೆರಿಕದಲ್ಲಿ 2020ರಲ್ಲಿ ಪ್ಲೇಟು ಮಾರಿ ಬಂದ ದುಡ್ಡು ಸಿಡಿ ಮಾರಿದ ದುಡ್ಡನ್ನು ದಾಟಿತಂತೆ, 1986ರ ನಂತರ ಮೊದಲ ಸಲ. 2022ರಲ್ಲಿ ಎಣಿಕೆಯಲ್ಲೂ ದಾಟಿತು: ಪ್ಲೇಟು 4.1 ಕೋಟಿ, ಸಿಡಿ 3.3 ಕೋಟಿ. ಸಿಡಿ ಮಾರಿ ಸೋತವನಿಗೆ ಇದನ್ನು ಓದಿ ಒಂಥರಾ ಖುಷಿ. ಹೊಟ್ಟೆಕಿಚ್ಚೂ ಆಯಿತು ಅನ್ನಿ.

ಮೊದಲ ವಾರವೇ ಒಂದು ದೊಡ್ಡ ತಪ್ಪು ಮಾಡಿದೆ. ಎಲ್ಪಿಗಳನ್ನು, ಅಂದರೆ ವಿನೈಲಿನ ದೊಡ್ಡ ಪ್ಲೇಟುಗಳನ್ನು, ಬಟ್ಟಿ ಇಳಿಸಿದ ನೀರಿಗೆ ಸ್ವಲ್ಪ ಸ್ಪಿರಿಟ್ ಬೆರೆಸಿ ಒರೆಸುತ್ತಿದ್ದೆ. ಚೆನ್ನಾಗಿ ಕೊಳೆ ಬಿಡುತ್ತಿತ್ತು. ಟ್ರಂಕಿನ ತಳದಲ್ಲಿ ನಾಲ್ಕೈದು 78ರ ಪ್ಲೇಟು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟು ಇದ್ದವು. ಕಪ್ಪಗೆ, ಭಾರ, ಒಂದೊಂದು ಮಗ್ಗುಲಿಗೆ ಮೂರು ನಿಮಿಷದ ಹಾಡು. ಒಂದರ ಲೇಬಲ್ ಮೇಲೆ ಹುಬ್ಬಳ್ಳಿಯ ಗಾಂಧಾರಿ ಎಂದಿತ್ತು. ಯಾರೋ ಏನೋ ಅಂದುಕೊಂಡೆ. ಅದಕ್ಕೂ ಅದೇ ಬಟ್ಟೆ, ಕೊಳೆ ಗಟ್ಟಿ ಎಂದು ಬರೀ ಸ್ಪಿರಿಟ್ಟನ್ನೇ ಅದ್ದಿ ತಿಕ್ಕಿದೆ. ಬಟ್ಟೆ ಕರ್ರಗಾಯಿತು. ಕೊಳೆ ಎಷ್ಟಿದೆ ನೋಡು ಎಂದು ಇನ್ನೂ ತಿಕ್ಕಿದೆ. ಬೆರಳಿಗೆ ಅಂಟು ಹತ್ತಿತು. ಬೆಳಕಿಗೆ ಹಿಡಿದರೆ ಹಾಡು ಕೊರೆದ ಗೆರೆಗಳೇ ಇಲ್ಲ, ಹೊಳೆಯುವ ಒಂದು ಕಲೆ.

ಪಕ್ಕದ ಬಡಗಿ ನೋಡಿ ನಕ್ಕ. "ಅಲ್ರೀ ಅಣ್ಣಾರ, ಅದು ಅರಗು. ನಾವು ಬಾಗಿಲಿಗೆ ಪಾಲಿಶ್ ಹೊಡೆಯೋದು ಅರಗನ್ನ ಸ್ಪಿರಿಟ್‌ನಾಗ ಕರಗಿಸೇ ಅಲ್ಲೇನು?" ನಿಜ. ಹಳೇ 78ರ ಪ್ಲೇಟಿನಲ್ಲಿ ಪುಡಿಗಲ್ಲನ್ನು ಹಿಡಿದಿಡುವುದೇ ಅರಗು. ವಿನೈಲಿಗೆ ನಡೆಯುವ ಮದ್ದು ಇದಕ್ಕೆ ವಿಷ. ಆ ಗಾಂಧಾರಿ ಯಾರು ಎಂದು ಗೊತ್ತಾಗಿದ್ದು ಆಮೇಲೆ. ಗಂಗೂಬಾಯಿ ಹಾನಗಲ್ ಅವರು ಚಿಕ್ಕ ವಯಸ್ಸಿನಲ್ಲಿ ಆ ಹೆಸರಿನಲ್ಲಿ ಪ್ಲೇಟು ಕೊಟ್ಟಿದ್ದರು. ಎರಡು ದಿನ ಊಟ ಸೇರಲಿಲ್ಲ. ಈಗ 78ಕ್ಕೆ ಬರೀ ತಣ್ಣೀರು, ಒಂದು ಹನಿ ಪಾತ್ರೆ ಸೋಪು, ಮೆತ್ತನೆ ಬ್ರಷ್. ಲೇಬಲ್ಲಿಗೆ ನೀರು ತಾಗಬಾರದು. ಒರೆಸುವುದು ಗೆರೆ ಸುತ್ತಿದ ದಿಕ್ಕಿಗೇ, ಅಡ್ಡಡ್ಡ ಅಲ್ಲ.

ನಮ್ಮೂರಿನ ಇನ್ನೊಂದು ಕಾಟ ಬಿಸಿಲು. ಏಪ್ರಿಲ್, ಮೇನಲ್ಲಿ 42, 43 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ತಗಡಿನ ಛಾವಣಿ ಕೆಳಗೆ ಒಂದರ ಮೇಲೊಂದು ಪೇರಿಸಿಟ್ಟಿದ್ದ ಎಲ್ಪಿಗಳು ಹಪ್ಪಳದಂತೆ ಸೊಟ್ಟಗಾದವು. ದಪ್ಪ ಗಾಜು ಎರಡರ ನಡುವೆ ಇಟ್ಟು, ಸ್ವಲ್ಪ ಬಿಸಿ ತಾಗಿಸಿ, ಮೇಲೆ ಭಾರ ಹೇರಿ ದಿನಗಟ್ಟಲೆ ಬಿಟ್ಟೆ. ಮೂರು ಸರಿಯಾದವು, ಎರಡು ಪೂರ್ತಿ ಕೆಟ್ಟವು. ಈಗ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸುತ್ತೇನೆ, ಪಡುವಣ ಗೋಡೆಯಿಂದ ದೂರ.

ಪ್ಲೇಯರಿಗೆ ಬೆಲ್ಟ್ ಹೈದರಾಬಾದಿನ ಜುಮೇರಾತ್ ಬಜಾರಿನಲ್ಲಿ ಸಿಕ್ಕಿತು. ಹಾಕಿ ಹಚ್ಚಿದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ದನಿ. ತಪ್ಪು ನನ್ನದೇ. ಪ್ಲೇಟಿನ ಮೇಲೆ ಓಡುವ ಮುಳ್ಳಿನಿಂದ ಬರುವ ಕರೆಂಟು ತೀರಾ ಸಣ್ಣದು, ಬಾಸ್ ಕಡಿಮೆ ಮಾಡಿಯೇ ಪ್ಲೇಟಿನಲ್ಲಿ ಕೊರೆದಿರುತ್ತಾರೆ. ಅದನ್ನು ಎತ್ತಿಕೊಡಲು ಫೋನೋ ಪ್ರಿಆಂಪ್ ಅನ್ನುವ ಸಾಧನ ಬೇಕು. ಅದು ಬಂದ ಮೇಲೆ ತಬಲಾದ ಎಡದ ದಪ್ಪ ದನಿ ಕೇಳಿಸಿತು. ಆದರೆ ಹಾಡು ಎಳೆದಂತೆ. ಸ್ಪೀಡ್ ನೋಡಲು 180 ಗೆರೆ ಇರುವ ಕಾಗದದ ಬಿಲ್ಲೆ ಇಟ್ಟು ದೀಪದಡಿ ತಿರುಗಿಸುತ್ತಾರೆ. ಗೆರೆ ನಿಂತಂತೆ ಕಂಡರೆ ಎಲ್ಪಿಗೆ ಬೇಕಾದ ಸ್ಪೀಡು, ನಿಮಿಷಕ್ಕೆ 33⅓ ಸುತ್ತು, ಸರಿ ಇದೆ ಎಂದರ್ಥ. ಅರ್ಧ ಗಂಟೆ ನೋಡಿದರೂ ಗೆರೆ ಕಾಣಲೇ ಇಲ್ಲ. ಆಮೇಲೆ ಹೊಳೆಯಿತು, ನನ್ನದು ಎಲ್‌ಇಡಿ ಬಲ್ಬು. ಚೋಕ್ ಇರುವ ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿಣುಕಿದರೇ ಆ ಆಟ ನಡೆಯುವುದು. ಅಟ್ಟದಿಂದ ಟ್ಯೂಬ್‌ಲೈಟು ಇಳಿಸಿದೆ. ಗೆರೆಗಳು ನಿಧಾನಕ್ಕೆ ಹಿಂದಕ್ಕೆ ಜಾರುತ್ತಿದ್ದವು. ತಿರುಪು ಒಂದು ಕೂದಲಷ್ಟು ತಿರುಗಿಸಿದೆ. ನಿಂತವು.

ಗಿರಾಕಿ ಎಂದರೆ ತಿಂಗಳಿಗೆ ಐದಾರು ಜನ, ಅಷ್ಟೇ. ಜಂಬಲದಿನ್ನಿ ರಂಗಮಂದಿರದಲ್ಲಿ ಕಛೇರಿ ಇದ್ದ ದಿನ ಒಬ್ಬಿಬ್ಬರು ಜಾಸ್ತಿ. ಸೂಟ್‌ಕೇಸ್ ಥರದ ಅಗ್ಗದ ಪ್ಲೇಯರ್ ತಂದು ತೋರಿಸುವವರಿಗೆ ಬೇಡ ಅಂತಲೇ ಹೇಳುತ್ತೇನೆ. ಅವುಗಳ ಮುಳ್ಳಿನ ಭಾರ ಜಾಸ್ತಿ, ಗೆರೆ ಬೇಗ ಸವೆಯುತ್ತದೆ.

ಹೋದ ವಾರ ದೇವದುರ್ಗ ಕಡೆಯ ರೈತರೊಬ್ಬರು ಬಂದರು. ಜೋಳದ ಹೊಲಕ್ಕೆ ಹಕ್ಕಿ ಕಾಟ. ಸಿಡಿ ದಾರಕ್ಕೆ ಕಟ್ಟಿ ತೂಗು ಹಾಕಿದರೆ ಬಿಸಿಲಿಗೆ ಮಿಂಚುತ್ತದೆ, ಹಕ್ಕಿ ಬರುವುದಿಲ್ಲವಂತೆ. ಒಳಗೆ ಪ್ಲೇಟು ತಿರುಗುತ್ತಿತ್ತು. ಮಗ್ಗುಲು ಮುಗಿಯುವ ತನಕ ಬಾಗಿಲಲ್ಲೇ ನಿಂತು ಕೇಳಿದರು. ಆಮೇಲೆ ಗೋಣಿಚೀಲದ ಬಾಯಿ ಬಿಚ್ಚಿದೆ.

"ಭಕ್ತಿಗೀತೆ ಬೇಕಾ, ಸಿನಿಮಾದ್ದು ಬೇಕಾ?" ಎಂದು ತಮಾಷೆ ಮಾಡಿದೆ.

"ಒಂದು ನೂರು ಎಣಿಸಿ ಕೊಡ್ರಿ ಸಾವ್ಕಾರ್ರ," ಅಂದರು, "ಯಾವ ಹಾಡಿಂದಾದ್ರೂ ನಡೀತೈತಿ."