ಬಳ್ಳಾರಿ ಧೂಳಿಗೂ ಬಿಸಿಲಿಗೂ ತಡೆದುಕೊಂಡ ರೋಯಿಂಗ್ ಮಷಿನ್: ನನ್ನ ಅನುಭವ

₹25,000 ಒಳಗಿನ ಮ್ಯಾಗ್ನೆಟಿಕ್ ರೋವರ್ (ದೋಣಿಯ ಹುಟ್ಟು ಹಾಕಿದಂತೆ ಕೂತು ಎಳೆಯುವ, ಆಯಸ್ಕಾಂತದಿಂದ ಬಿಗಿ ಬರುವ ವ್ಯಾಯಾಮದ ಮಷಿನ್) ಬಳ್ಳಾರಿಯಲ್ಲಿ ಒಂದು ಬೇಸಿಗೆ ತಡೆದರೆ ಹೆಚ್ಚು ಅಂತ ಜಿಮ್ ನಡೆಸುವವರೇ ಹೇಳುತ್ತಿದ್ದರು. ನನ್ನದು ಬೇಸಿಗೆ ಮೇಲೆ ಬೇಸಿಗೆ ದಾಟಿದೆ, ಎಳೆತ ಒಂಚೂರೂ ಸಡಿಲವಾಗಿಲ್ಲ. ಮಷಿನ್, ಬಿಡಿಭಾಗ, ಹೊಲಿಗೆ ಕೂಲಿ ಎಲ್ಲ ಸೇರಿ ಬಿದ್ದದ್ದು ಸುಮಾರು ₹24,000. ಇದರ ಎರಡರಷ್ಟು ಬೆಲೆಯದನ್ನು ಕೊಂಡವರು ಬಂದು ಕೂತು ಎಳೆದು ನೋಡಿ, ಏನು ಮಾಡಿಸಿದಿರಿ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮ್ಯಾಗ್ನೆಟಿಕ್ ಯಾಕೆ ಅಂತ ಹೇಳುವ ಮೊದಲು ಬೇರೆ ಬಗೆಯವನ್ನು ನೋಡೋಣ. ಎಣ್ಣೆ ತುಂಬಿದ ಸಿಲಿಂಡರ್‌ನಿಂದ ಬಿಗಿ ಬರುವ ಹೈಡ್ರಾಲಿಕ್ ವಿಷಯ ಬೇಗ ಮುಗಿಸುತ್ತೇನೆ. ಹತ್ತು ಹನ್ನೆರಡು ಸಾವಿರಕ್ಕೆ ಸಿಗುತ್ತದೆ, ಮೂಲೆಯಲ್ಲಿ ಹಿಡಿಸುತ್ತದೆ. ಆದರೆ ಕಾಲು ಗಂಟೆ ಎಳೆದರೆ ಸಿಲಿಂಡರ್ ಕಾಯ್ದು, ಒಳಗಿನ ಎಣ್ಣೆ ತೆಳುವಾಗಿ, ಬಿಗಿ ಇಳಿಯುತ್ತದೆ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗ ಶುರುವಿನಲ್ಲೇ ತೆಳುವಾಗಿರುತ್ತದೆ. ದಪ್ಪ ಎಣ್ಣೆ ಹಾಕಿದರೆ ಹೇಗೆ ಅಂತ ಬೈಕ್ ಫೋರ್ಕ್ ಆಯಿಲ್ ತುಂಬಿಸಲು ನೋಡಿದೆ. ಸಿಲಿಂಡರ್ ಬಾಯಿಯನ್ನು ಪ್ರೆಸ್ ಮಾಡಿ ಮುಚ್ಚಿರುತ್ತಾರೆ, ಒಮ್ಮೆ ಬಿಚ್ಚಿದರೆ ಮತ್ತೆ ಸೋರದಂತೆ ಕೂರುವುದಿಲ್ಲ. ಆ ದಾರಿ ಅಲ್ಲಿಗೆ ಬಂದ್.

ಫ್ಯಾನಿನ ಗಾಳಿಯಿಂದ ಬಿಗಿ ಬರುವ ಏರ್ ರೋವರ್ ಎಳೆಯಲು ಎಲ್ಲಕ್ಕಿಂತ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಕಾನ್ಸೆಪ್ಟ್2 ಕಂಪನಿಯದನ್ನು ಕೊಳ್ಳುವ ಶಕ್ತಿ ಇದ್ದವರು ಕೊಳ್ಳಲಿ, ಅದಕ್ಕೆ ಲಕ್ಷ ದಾಟುತ್ತದೆ. ನಮ್ಮ ಕಡೆಯ ತೊಂದರೆ ಅಂದರೆ ಫ್ಯಾನ್ ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಜಾಲರಿಗೆ ಕೆಂಪು ಧೂಳು ಕಟ್ಟಿಕೊಂಡಂತೆಲ್ಲ ಗಾಳಿ ಕಡಿಮೆಯಾಗಿ ಎಳೆತ ಹಗುರಾಗುತ್ತಾ ಬರುತ್ತದೆ. ಗೆಳೆಯರೊಬ್ಬರ ಮಷಿನ್‌ಗೆ ಸೊಳ್ಳೆ ಪರದೆ ಹೊದಿಸಿ ನೋಡಿದೆವು. ಧೂಳು ನಿಂತಿತು, ಜತೆಗೆ ಎಳೆತವೂ ಕುಸಿಯಿತು. ರಾಯಚೂರಿನ ಶಕ್ತಿನಗರದ ಕಡೆಯವರಿಗೆ ಇದು ಇನ್ನೂ ಕಷ್ಟ. ಅಲ್ಲಿಯದು ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ, ಪರದೆಗೂ ನಿಲ್ಲದಷ್ಟು ನುಣುಪು.

ಉಳಿದದ್ದು ಮ್ಯಾಗ್ನೆಟಿಕ್. ಅದಿರಿನ ಧೂಳು ಆಯಸ್ಕಾಂತಕ್ಕೆ ಅಂಟಿ ಚಕ್ರ ಹಿಡಿದುಕೊಳ್ಳುತ್ತದೆ ಅಂತ ಹೆದರಿಸಿದವರಿದ್ದಾರೆ. ನಮ್ಮ ಅದಿರು ಬಹುಪಾಲು ಹೆಮಟೈಟ್, ಅದು ಆಯಸ್ಕಾಂತಕ್ಕೆ ಬಲವಾಗಿ ಅಂಟುವುದಲ್ಲ. ಆ ಚಕ್ರ, ಅಂದರೆ ಫ್ಲೈವ್ಹೀಲ್, ಹೇಗೂ ಕವರ್ ಒಳಗಿರುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಒಣ ಬ್ರಷ್ ಆಡಿಸಿದರೆ ಸಾಕು. ಕರೆಂಟೂ ಬೇಡ, ಮಾನಿಟರ್‌ಗೆ ಎರಡು ಪೆನ್ಸಿಲ್ ಸೆಲ್ ಅಷ್ಟೇ.

ಕೊಳ್ಳುವಾಗ ಬಿಗಿ ಹೆಚ್ಚುಕಡಿಮೆ ಮಾಡಲು 8 ಲೆವೆಲ್ಲೋ 16 ಲೆವೆಲ್ಲೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಮೊದಲು ಸೀಟು ಜಾರುವ ರೇಲ್ ನೋಡಿ. ಪಾದಕ್ಕೆ ಪಟ್ಟಿ ಕಟ್ಟಿ, ಮಂಡಿ ಪೂರ್ತಿ ಚಾಚಿ, ಬೆನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದಾಗ ಸೀಟಿನ ಹಿಂದೆ ಇನ್ನೂ ನಾಲ್ಕು ಬೆರಳು ರೇಲ್ ಉಳಿದಿರಬೇಕು. ಉಳಿಯದಿದ್ದರೆ ಎಷ್ಟೇ ಅಗ್ಗ ಇದ್ದರೂ ಬೇಡ. ಫ್ಲೈವ್ಹೀಲ್ 6 ಕೆಜಿ ಮೇಲಿರಲಿ, ಹಗುರಾದದ್ದು ಎರಡು ಎಳೆತದ ನಡುವೆ ನಿಂತೇ ಹೋಗುತ್ತದೆ. ಮಾನಿಟರ್ ಪರೀಕ್ಷೆ ಸುಲಭ: ಒಂದೇ ಲೆವೆಲ್‌ನಲ್ಲಿ 20 ಎಳೆತ ಮೆಲ್ಲಗೆ, ಆಮೇಲೆ ಸೊನ್ನೆ ಮಾಡಿ 20 ಎಳೆತ ಜೋರಾಗಿ. ಎರಡೂ ಸಲ ಅಷ್ಟೇ ಮೀಟರ್ ತೋರಿಸಿದರೆ ಅದು ಬರೀ ಎಳೆತ ಎಣಿಸುತ್ತಿದೆ. ಈ ಬೆಲೆಯವು ಬಹುತೇಕ ಹಾಗೆಯೇ. ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ, ಮೊಬೈಲ್ ಗಡಿಯಾರ ಇಟ್ಟುಕೊಂಡು ನಿಮಿಷಕ್ಕೆ 22–24 ಎಳೆತ ಕಾಯ್ದುಕೊಳ್ಳಿ.

ಈಗ ನಿಜವಾದ ಕೆಲಸ. ಸೀಟ್ ರೋಲರ್‌ಗಳಲ್ಲಿ ಬರುವುದು 608 ಬೇರಿಂಗ್, ತಗಡಿನ ಮುಚ್ಚಳದ್ದು. ಧೂಳು ಒಳಗೆ ಹೋಗಿ ಕೆಲವೇ ತಿಂಗಳಲ್ಲಿ ಕರಕರ ಶುರು. ಅದೇ ಅಳತೆಯಲ್ಲಿ ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನು ಕೇಳಿ ತನ್ನಿ, ಹೆಸರಿನ ಕೊನೆಗೆ 2ಆರ್‌ಎಸ್ ಅಂತಿರುತ್ತದೆ. ಗ್ರೈಂಡರ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಒಂದಕ್ಕೆ ₹60–70. ನನ್ನದರಲ್ಲಿ ನಾಲ್ಕು ರೋಲರ್‌ಗೆ ಎಂಟು ಹಿಡಿದವು. ರೇಲಿಗೆ ಎಣ್ಣೆ ಮಾತ್ರ ಹಚ್ಚಬೇಡಿ. ಧೂಳು ಕೂಡಿ ಸಾಣೆ ಹಿಡಿಯುವ ಪೇಸ್ಟ್ ಆಗಿ ರೋಲರ್ ತಿಂದುಹಾಕುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಹ್ಯಾಂಡಲ್ ಪಟ್ಟಿ ಕಿತ್ತುಬರುವುದು ಯಾವಾಗಲೂ ಹೊಲಿಗೆಯ ಜಾಗದಲ್ಲಿ. ಇಲ್ಲಿ ಬಳ್ಳಾರಿಯವರ ಪುಣ್ಯ ದೊಡ್ಡದು, ಜೀನ್ಸ್ ಹೊಲಿಯುವವರು ಬೇಕಾದಷ್ಟಿದ್ದಾರೆ. ಬೆಲ್ಟ್ ಲೂಪ್ ಕೂರಿಸುವ ಬಾರ್‌ಟ್ಯಾಕ್ ಮಷಿನ್ನಿನಲ್ಲಿ ಅಡ್ಡಡ್ಡ ನಾಲ್ಕು ಸಾಲು, ಅದರ ಮೇಲೆ ಚೌಕದೊಳಗೆ ಗುಣಾಕಾರ ಚಿಹ್ನೆಯಂತೆ ಒಂದು ಹೊಲಿಗೆ. ದಾರ ಜೀನ್ಸಿನ ದಪ್ಪ ಪಾಲಿಯೆಸ್ಟರ್‌ದೇ ಆಗಲಿ, ಹತ್ತಿಯದು ಬೆವರಿಗೆ ಕೊಳೆಯುತ್ತದೆ. ಪಟ್ಟಿ ಸೇರಿ ₹300 ಆಗಿತ್ತೇನೋ.

ಎಳೆದಾಗ ಮಾತ್ರ ಚಕ್ರವನ್ನು ಹಿಡಿದು, ಪಟ್ಟಿ ವಾಪಸ್ ಹೋಗುವಾಗ ಬಿಟ್ಟುಬಿಡುವ ಒನ್‌ವೇ ಬೇರಿಂಗ್ ಮೇಲೆ ಕಣ್ಣಿರಲಿ. ಎಳೆದ ತಕ್ಷಣ ಗಪ್ಪನೆ ಹಿಡಿಯಬೇಕು. ಎರಡು ಇಂಚು ಖಾಲಿ ಓಡಿ ಆಮೇಲೆ ಹಿಡಿದರೆ ಯಾರೋ ಗ್ರೀಸ್ ತುಂಬಿದ್ದಾರೆ ಅಂತಲೇ ಲೆಕ್ಕ, ಒಳಗಿನ ಸಣ್ಣ ರೋಲರ್‌ಗಳು ಅಂಟಿಕೊಂಡಿರುತ್ತವೆ. ಸ್ಪಿರಿಟ್‌ನಲ್ಲಿ ತೊಳೆದು ಒಣಗಿಸಿ, ಹೊಲಿಗೆ ಮಷಿನ್ ಎಣ್ಣೆ ಎರಡು ಹನಿ ಬಿಡಿ.

ಪಟ್ಟಿ ವಾಪಸ್ ಎಳೆಯುವ ಬಂಜಿ ಹಗ್ಗ ಆರ್‌ಸಿಸಿ ಮಾಳಿಗೆಯ ಕೆಳಗಿನ ಕೋಣೆಯ ಕಾವಿಗೆ ಜೋತುಬೀಳುತ್ತದೆ. ಬೈಕಿನ ಲಗೇಜ್ ಹಗ್ಗ ಹಾಕಿ ನೋಡಿದೆ, ಬೇಗ ಸೋತಿತು. 8 ಮಿಮೀ ದಪ್ಪದ, ಒಳಗೆ ನೈಸರ್ಗಿಕ ರಬ್ಬರ್ ಎಳೆಗಳಿರುವ ಹಗ್ಗ ಬೇಕು. ಹಳೆಯದಕ್ಕಿಂತ ಎಷ್ಟು ಗಿಡ್ಡ ಕತ್ತರಿಸಬೇಕು ಅನ್ನುವ ಲೆಕ್ಕ ನನ್ನ ಹತ್ತಿರವೇ ಇರಲಿ, ನನ್ನ ಎಳೆತದ ಗುಟ್ಟೆಲ್ಲ ಅದರಲ್ಲೇ ಇದೆ.

ನೆಲ ಕಡಪ ಕಲ್ಲಿನದಾದರೆ ಪ್ರತಿ ಎಳೆತಕ್ಕೂ ಮಷಿನ್ ಜರುಗುತ್ತದೆ. ವ್ಯಾಯಾಮದ ಮ್ಯಾಟ್ ಅಂತ ಮಾರುವುದಕ್ಕೆ ದುಡ್ಡು ಸುರಿಯುವ ಬದಲು ದನದ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್ ತಂದು ಕತ್ತರಿಸಿ. ಮುಂದಿನ ಕಾಲಿಗೆ ಮಾತ್ರ ಇಟ್ಟರೆ ರೇಲಿನ ಇಳಿಜಾರು ಬದಲಾಗಿ ಸೀಟು ಮುಂದಕ್ಕೆ ಸಲೀಸಾಗಿ ಬರುವುದಿಲ್ಲ. ಹಿಂದಿನ ಕಾಲಿಗೂ ಅಷ್ಟೇ ದಪ್ಪದ ತುಂಡು ಇಡಬೇಕು.