ಸಂಕ ಇಲ್ಲ ಅನ್ನೋದು ಪಜೀತಿ ಅಲ್ಲ

"ಟೀಚರ್, ನಮ್ಮ ಹಳ್ಳಕ್ಕೆ ಸಂಕ ಇಲ್ಲ."

ಸಂಕ ಅಂದರೆ ಹಳ್ಳ ದಾಟುವ ಕಾಲುಸೇತುವೆ. ಊರಿನ ಸಮಸ್ಯೆ ಏನ್ರೋ ಅಂತ ಕೇಳಿದರೆ ನಮ್ಮ ಮಲೆನಾಡಿನ ಮಕ್ಕಳು ಮೊದಲು ಹೇಳುವುದೇ ಇದು. ಎರಡು ವರ್ಷ ನಾನೂ ತಲೆ ಆಡಿಸಿ ಬೋರ್ಡಿನ ಮೇಲೆ ಬರೆದೆ. ಆಮೇಲೆ ಹೊಳೆಯಿತು, ಸಂಕ ಅನ್ನೋದು ಪರಿಹಾರ ಅಲ್ವಾ? ಮಳೆಗಾಲದಲ್ಲಿ ಹಳ್ಳ ತುಂಬಿ ಈಚೆ ದಡಕ್ಕೆ ಬರಲು ಆಗುವುದಿಲ್ಲ, ಸಮಸ್ಯೆ ಅದು. ಸಂಕ ಅಂತ ಬಾಯಿಗೆ ಬಂದ ಕೂಡಲೇ ಮಗುವಿನ ಯೋಚನೆ ಅಲ್ಲಿಗೆ ನಿಂತುಬಿಡುತ್ತದೆ.

ನನ್ನದು ನಲಿಕಲಿ ಕ್ಲಾಸು, ಅಂದರೆ ಒಂದರಿಂದ ಮೂರನೇ ಕ್ಲಾಸಿನ ಚಿಕ್ಕವರು ಒಟ್ಟಿಗೆ ಕೂತು ಆಡುತ್ತಾ ಕಲಿಯುವುದು, 23 ಮಕ್ಕಳು. ಇವಕ್ಕೆ ಸಮಸ್ಯೆ ಬೇರೆ, ಪರಿಹಾರ ಬೇರೆ ಅಂತ ಕಲಿಸ್ತೀನಿ ಅಂದಾಗ ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ನಕ್ಕವರೇ ಜಾಸ್ತಿ. "ಮೂಗು ಒರೆಸಿಕೊಳ್ಳೋಕೆ ಬರದವಕ್ಕೆ ಇಂಜಿನಿಯರಿಂಗಾ?" ಅಂದರು ಒಬ್ಬರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿಕಲಿ ಶುರು ಮಾಡಿದವರೂ ಇಂಥ ಮಾತು ಕೇಳಿರಬೇಕು ಅಂದುಕೊಂಡು ಸುಮ್ಮನಾದೆ.

ಮೊದಲು ದುಡ್ಡು ಕಳೆದುಕೊಂಡೆ. ಗಾಲಿ, ರಾಟೆ, ಹಲ್ಲಿನ ಚಕ್ರ ಇರುವ ಕಿಟ್ಟು, ಕೈಯಿಂದ ಸುಮಾರು 1,800 ರೂಪಾಯಿ. ಮಕ್ಕಳು ಚಂದದ ಗಾಡಿ ಕಟ್ಟಿದರು. ಗಾಡಿ ಯಾರಿಗೆ, ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಆಮೇಲೆ 40 ಚಿತ್ರದ ಕಾರ್ಡು, ಲ್ಯಾಮಿನೇಷನ್ನೂ ಸೇರಿ 600 ಹತ್ತಿರ ಹೋಯಿತು. ಸಮಸ್ಯೆಗೆ ಕೆಂಪು ಅಂಚು, ಪರಿಹಾರಕ್ಕೆ ನೀಲಿ. ವಾರದಲ್ಲಿ ಎಲ್ಲರೂ ಪಟಪಟ ಬೇರೆ ಮಾಡಿದರು. ನಾನು ಬೀಗಿದೆ. ಅನುಮಾನ ಬಂದು ಅದೇ ಕಾರ್ಡುಗಳನ್ನು ಕಪ್ಪು-ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿ ಕೊಟ್ಟೆ. ಎಲ್ಲ ತಲೆಕೆಳಗು. ಅವರು ಕಲಿತಿದ್ದು ಬಣ್ಣ!

ತಿರುವು ಸಿಕ್ಕಿದ್ದು ಒಂದು ಮಾತಿನಿಂದ. 'ಸಮಸ್ಯೆ' ಅಂದರೆ ಅವರಿಗೆ ಗಣಿತದ ಲೆಕ್ಕ. ಅದನ್ನು ಬಿಟ್ಟು 'ಪಜೀತಿ' ಅಂದೆ. ಪರಿಹಾರಕ್ಕೆ 'ಉಪಾಯ'. ಕ್ಲಾಸು ಎದ್ದು ಕೂತಿತು. ಪ್ರತಿಯೊಬ್ಬರ ಹತ್ತಿರವೂ ಎರಡೆರಡು ಪಜೀತಿ ಇದ್ದವು.

ಪಜೀತಿಗೊಂದು, ಉಪಾಯಕ್ಕೊಂದು ಅಂತ ಎರಡು ಬುಟ್ಟಿ ತಂದೆ, 160 ರೂಪಾಯಿ. ಹಳೇ ಕ್ಯಾಲೆಂಡರ್ ಹರಿದು ಚೀಟಿ. ಚೀಟಿಯಲ್ಲಿ ಬರೆದದ್ದು ಅಂಗಡೀಲಿ ಸಿಗುತ್ತಾ, ಮೇಸ್ತ್ರಿ ಕಟ್ಟಿಕೊಡ್ತಾನಾ? ಹಾಗಿದ್ದರೆ ಉಪಾಯದ ಬುಟ್ಟಿ. ಪಜೀತಿ ಅಂದಮೇಲೆ ಯಾರಿಗೆ, ಯಾವಾಗ ಅಂತ ಹೇಳಲೇಬೇಕು. 'ಇಲ್ಲ', 'ಬೇಕು' ಎರಡು ಮಾತೂ ಬಂದ್. ಎರಡನೇ ಕ್ಲಾಸಿನ ಒಬ್ಬ ತಕ್ಷಣ ಗಂಟು ಹಾಕಿದ: "ಕುಡಿಯೋಕೆ ನೀರಿಲ್ಲ ಅನ್ನೋದು? ನೀರೂ ಅಂಗಡೀಲಿ ಸಿಗುತ್ತೆ." ಅರ್ಧ ಗಂಟೆ ಜಗಳವಾಗಿ 'ಬಾಯಾರಿಕೆ' ಪಜೀತಿ ಬುಟ್ಟಿಗೆ ಬಿತ್ತು.

ಐದನೇ ಕ್ಲಾಸಿನವರ ಮೇಲೂ ಒಂದು ಶನಿವಾರ ಪ್ರಯೋಗ ಮಾಡಿದೆ. ಅವರು ಇನ್ನೂ ಕಷ್ಟ, ಏನು ಕೇಳಿದರೂ "ಸೆನ್ಸರ್ ಹಾಕ್ಬೇಕು". ಮನೆಯಲ್ಲಿ ಯಜಮಾನರು "ನಮ್ಮ ಸಮಸ್ಯೆ ಅಂದ್ರೆ ಕಾರಿಲ್ಲ" ಅಂದರು. ಅವರನ್ನು ಬಿಟ್ಟುಬಿಟ್ಟೆ.

ನಿಜವಾಗಿ ಗೆದ್ದಿದ್ದು ಹಾಲಿನ ಲೋಟದಲ್ಲಿ. ಕ್ಷೀರಭಾಗ್ಯ ಬಂದ 2013ರಿಂದ ನೋಡುತ್ತಿದ್ದೇನೆ, ಸ್ಟೀಲ್ ಲೋಟ, 150 ಎಂ.ಎಲ್. ಬಿಸಿ ಹಾಲು, ಅಂಗಿಯ ಚುಂಗಿನಲ್ಲಿ ಹಿಡಿದು ಕುಣಿಯುವ ಮಕ್ಕಳು. "ಪ್ಲಾಸ್ಟಿಕ್ ಲೋಟ ಇಲ್ಲ" ಅಂತ ಶುರು ಮಾಡಿ ತಾವೇ ನಾಲಿಗೆ ಕಚ್ಚಿಕೊಂಡರು. ಚೀಟಿಯಲ್ಲಿ ಬರೆದಿದ್ದು 'ಬೆರಳು ಸುಡ್ತದೆ'. ಆ ಒಂದಕ್ಕೆ ಒಂಬತ್ತು ಉಪಾಯ ಬಂದವು. ಅಡಿಕೆ ಹಾಳೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ನೋಡಿದೆವು. ಒಣ ಹಾಳೆ ಬಗ್ಗಿಸಿದರೆ ಸೀಳುತ್ತದೆ. ನೆನೆಸಿದ್ದು ಬಗ್ಗಿತು, ಮೂರನೇ ದಿನಕ್ಕೆ ಬೂಷ್ಟು ಹಿಡಿಯಿತು. ಕೊನೆಗೆ ಒಂದನೇ ಕ್ಲಾಸಿನ ಹುಡುಗಿ, "ಅರ್ಧ ಹಾಕಿ, ಮೇಲಿನ ಅಂಚು ಹಿಡ್ಕೊಳ್ತೀನಿ, ಅದು ಕುಡಿದ ಮೇಲೆ ಇನ್ನರ್ಧ" ಅಂದಳು. ಖರ್ಚು ಸೊನ್ನೆ.

ಈಗ 23ರಲ್ಲಿ ಹದಿನೆಂಟು ಮಕ್ಕಳಾದರೂ ತಪ್ಪಿಲ್ಲದೆ ಬೇರೆ ಮಾಡುತ್ತಾರೆ. ಉಳಿದ ಐವರಿಗೆ ಒಂದು ಚೀಲದ ಆಟ ಮಾಡುತ್ತಿದ್ದೇನೆ. ಅದರೊಳಗೆ ಏನಿದೆ ಅಂತ ಈಗಲೇ ಹೇಳುವುದಿಲ್ಲ. ನಕ್ಕವರು ಬಂದು ನೋಡಲಿ. ನವೆಂಬರಿನಲ್ಲಿ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಬಂದು ಪುಸ್ತಕ ತೆಗೆದು, "ಶಾಲೆಗೆ ಕಾಂಪೌಂಡ್ ಇಲ್ಲ, ಅದೇ ದೊಡ್ಡ ಸಮಸ್ಯೆ ಅಲ್ವೇನ್ರೋ?" ಅಂದರು. ಹಿಂದಿನ ಸಾಲಿನಿಂದ ಒಬ್ಬ, "ಅದು ಉಪಾಯ ಸರ್. ದನ ಬಂದು ಗಿಡ ತಿನ್ನೋದು ಪಜೀತಿ" ಅಂದ. ಅವರು ಪೆನ್ನಿನ ಮುಚ್ಚಳ ಹಾಕಿದರು.

ಲೋಟದ ಕಥೆ ಮಾತ್ರ ಮುಗಿದಿಲ್ಲ. ಪ್ರತಿ ಮಗುವಿಗೂ ಎರಡೆರಡು ಸಲ ಹಾಲು ಹಾಕಬೇಕು ಅಂತ ಅಡುಗೆ ಅಕ್ಕ ಗೊಣಗತೊಡಗಿದರು. ಮರುದಿನ ಬುಟ್ಟಿಯಲ್ಲಿ ಹೊಸ ಚೀಟಿ: 'ಅಡುಗೆ ಅಕ್ಕನಿಗೆ ಸೊಂಟ ನೋವು, ಹಾಲು ಹಾಕುವಾಗ'. ನಾನು ಹೇಳಿ ಬರೆಸಿದ್ದಲ್ಲ. ಅದಿನ್ನೂ ಪಜೀತಿ ಬುಟ್ಟಿಯಲ್ಲೇ ಇದೆ.